ಜುಲಿಯಾನಾಳ ಅರ್ಧ ಎಕರೆ

ಜುಲಿಯಾನಾ,

ಬೆಳಗಿನ ಜಾವ ಮೂರೂವರೆಗೆ ಯಾರೋ ಹಂದಿ ಓಡಿಸಲು ಡಬ್ಬ ಬಡಿದರು. ನನ್ನ ಮಗು ಎದ್ದಿತು, ನಾನೂ ಎದ್ದೆ. ಈ ಕಾಗದ ಹಳಿಯಾಳ ಮುಟ್ಟಲು ನಾಲ್ಕು ದಿನ ಬೇಕು. ನಿನ್ನ ಜಾಗದ ತೀರ್ಮಾನ ಇವತ್ತು ಎಂಟು ಗಂಟೆಗೆ. ಹಾಗಾಗಿ ಇದನ್ನು ಕಳಿಸುವುದಿಲ್ಲ.

ತೋಟ ನಡೆಸುವ ಕಮಲಾಕ್ಷಣ್ಣ ನಿನ್ನೆ ಹೇಳಿದರು: "ಸಿದ್ದಿಗಳು ಸ್ವಂತ ಬೇಸಾಯ ಕಲಿಯಲಿ ಅಂತ ಎರಡು ವರ್ಷಕ್ಕೆ ಅರ್ಧ ಎಕರೆ ಕೊಡುವುದು. ಇವಳು ತಿಂಗಳಿಂದ ಪತ್ತೆ ಇಲ್ಲ ಮಾರಾಯ್ತಿ! ಬೇರೆ ಯಾರಿಗಾದರೂ ಕೊಡುವ. ಯಾಕೆ ಹೋದದ್ದು, ನಿನಗೆ ಗೊತ್ತುಂಟಾ?"

"ಮಗು ಅಳ್ತಾ ಉಂಟು" ಎಂದು ಎದ್ದು ಬಂದೆ. ಮಗು ನಿದ್ದೆಯಲ್ಲಿತ್ತು.

ನಿಮ್ಮ ಕಡೆಯ ರೂಢಿಯಂತೆ ನೀನು ಒಂದೇ ಗುಂಡಿಗೆ ಜೋಳ, ಅಲಸಂಡೆ, ಸೌತೆ ಹಾಕಿದ್ದೆ. ತೋಟ ನೋಡಲು ಅತಿಥಿಗಳು ಬರುವವರಿದ್ದರು. ಸಾಲು ನೇರ ಕಾಣಲೆಂದು, ನೀನು ಮೂಡುಬಿದಿರೆ ಸಂತೆಗೆ ಹೋದಾಗ, ಜೋಳ ಬಿಟ್ಟು ಉಳಿದದ್ದನ್ನೆಲ್ಲ ನಾನು ಕಿತ್ತೆ. "ಕಳೆ ಅಂದ್ಕೊಂಡ್ರಾ ಅಕ್ಕೋರೆ?" ಎಂದು ನೀನು ನಗುತ್ತಲೇ ಕೇಳಿದೆ. ಕೃಷಿ ಪದವಿ ಓದಿ ನಿಮಗೆ ಪಾಠ ಹೇಳುವ ನಾನು, ಗೊತ್ತಿದ್ದೂ ಹೌದು ಎಂದುಬಿಟ್ಟೆ. ಮರುದಿನ ನೀನು ಊರಿನ ಬಸ್ಸು ಹತ್ತಿದೆ.

ಸಂತೆಯಲ್ಲಿ ನಿನ್ನ ಗುಂಗುರು ಕೂದಲು ನೋಡಿ "ಆಫ್ರಿಕಾದವಳಾ?" ಎಂದವರಿಗೆ "ಹಳಿಯಾಳದವಳು. ಬೆಂಡೆ ಬೇಕೋ ಬ್ಯಾಡೋ?" ಎನ್ನುತ್ತಿದ್ದ ನಿನ್ನ ಸ್ವರವಿಲ್ಲದೆ ನನಗೆ ಅತ್ತ ಹೋಗಲು ಮನಸ್ಸಾಗುವುದಿಲ್ಲ.

ನಿಮ್ಮೂರಿನಲ್ಲಿ ಫೋನಿಲ್ಲ. ಹಳಿಯಾಳ ಪೇಟೆಯ ಎಸ್‌ಟಿಡಿ ಬೂತ್ ಎಷ್ಟು ಗಂಟೆಗೆ ತೆರೆಯುತ್ತದೋ? ಬಾಗಿಲು ಬಡಿದು ಎಬ್ಬಿಸು. ಕಚೇರಿಯ ನಂಬರು ನಿನ್ನ ಹತ್ತಿರ ಉಂಟು. ಬೈಯುವುದಕ್ಕಾದರೂ ಸರಿ, ಎಂಟು ಗಂಟೆಯೊಳಗೆ ಒಂದು ಫೋನ್ ಮಾಡು, ಮಾರಾಯ್ತಿ. ಒಂದೇ ಒಂದು ಫೋನ್ ಮಾಡು.