ಬೇರೆಯವರಿಗೆ ಹೇಳಿದ ಮಾತು

ಗುರುವಾರ, ಹನ್ನೆರಡನೇ ತಾರೀಕು.

ಇವಳು ಕಿಟಕಿ ಮುಚ್ಚಬಾರದಿತ್ತು. ಇಲ್ಲ, ಮುಚ್ಚಿದ್ದೇ ಸರಿಯೇನೋ. ನನಗೆ ತಿಳಿಯುತ್ತಿಲ್ಲ.

ಸಂಜೆ ಹಾಡಿನ ಬಳಗದವರೆಲ್ಲ ಮನೆಗೆ ಬಂದಿದ್ದರು. ಹನ್ನೊಂದು ವರ್ಷದ ಹಿಂದೆ ನನ್ನ ಹೆಂಡತಿಯೇ ಕಟ್ಟಿದ ಬಳಗ. ಕಣ್ಣು ಕಾಣದವರು, ತೊದಲುವವರು, ಶ್ರುತಿ ಎಂದರೆ ಯಾರದೋ ಮಗಳ ಹೆಸರೆಂದುಕೊಂಡಿದ್ದ ನನ್ನಂಥವರು, ಯಾರನ್ನೂ ಇವಳು ಬೇಡ ಎಂದವಳಲ್ಲ. ಆಪರೇಷನ್ ಮಾಡಿ ಇವಳ ಧ್ವನಿಪೆಟ್ಟಿಗೆಯನ್ನೇ ತೆಗೆದು ಎರಡು ತಿಂಗಳಾಯಿತು. ಅಂದಿನಿಂದ ಬಳಗದವರೇ ಸರದಿಯ ಮೇಲೆ ನಮಗೆ ಊಟ ತಂದುಕೊಡುತ್ತಿದ್ದಾರೆ.

ಕಣ್ಣು ಕಾಣದ ಬೇಕರಿಯಮ್ಮ ಇವಳ ಕೈ ಹಿಡಿದು, "ಅಕ್ಕಾ, ನೀವು ಬಂದು ಸುಮ್ನೆ ಮುಂದೆ ನಿಂತ್ಕೊಳ್ಳಿ, ಸಾಕು. ದನಿ ಇಲ್ಲದವರಿಗೂ ಇಲ್ಲಿ ಜಾಗ ಇದೆ ಅಂತ ನೀವೇ ಹೇಳಿದ್ದಲ್ವಾ?" ಎಂದರು.

ಇವಳು ಸ್ಲೇಟಿನ ಮೇಲೆ ಬರೆದಳು. ಬೇಕರಿಯಮ್ಮನಿಗಾಗಿ ಅದನ್ನು ನಾನೇ ಗಟ್ಟಿಯಾಗಿ ಓದಬೇಕಾಯಿತು: "ಅದು ಬೇರೆಯವರಿಗೆ ಹೇಳಿದ್ದು."

ಯಾರೂ ಮುನಿಸಿಕೊಳ್ಳಲಿಲ್ಲ. ಹೊರಗೆ ಹೋಗಿ ಬೀದಿಯಲ್ಲೇ ನಿಂತು ಹಾಡತೊಡಗಿದರು. ಎದುರು ಮನೆಯ ದರ್ಜಿಯೂ ಹೊಲಿಗೆ ಬಿಟ್ಟು ಬಂದು ದನಿಗೂಡಿಸಿದ. ಇವಳು ಎದ್ದು ಕಿಟಕಿ ಮುಚ್ಚಿ, ನನಗೆ ಬೆನ್ನು ಮಾಡಿ ನಿಂತಳು. ಕೋಪ ಬಂದಿರಬೇಕು ಎಂದುಕೊಂಡು, ಸಮಾಧಾನ ಮಾಡೋಣವೆಂದು ಹೆಗಲ ಮೇಲೆ ಕೈ ಇಟ್ಟೆ. ಮೈಯೆಲ್ಲ ನಡುಗುತ್ತಿತ್ತು. ಅಳುತ್ತಿದ್ದಳು, ಬಿಕ್ಕಿ ಬಿಕ್ಕಿ, ಚೂರೂ ಸದ್ದಿಲ್ಲದೆ.

ಎರಡು ತಿಂಗಳಿಂದ ಪಕ್ಕದಲ್ಲೇ ಮಲಗುತ್ತಿದ್ದೇನೆ. ಇನ್ನೆಷ್ಟು ರಾತ್ರಿ ಹೀಗೆ ಅತ್ತಿದ್ದಳೋ, ನನಗೆ ಗೊತ್ತೇ ಆಗದೆ…