ಅಮ್ಮನ ತಪ್ಪಿಹೋದ ಸರದಿ

ಮಗೂ,

ನಿನ್ನನ್ನು ಎಬ್ಬಿಸದೆ, ಅಮ್ಮನೊಂದಿಗೆ ನೀನು ಕೆಲಸ ಮಾಡುವ ಕಣ್ಣಿನ ಆಸ್ಪತ್ರೆಗೇ ಹೊರಟಿದ್ದೇನೆ. ತಿಂಡಿ ಒಲೆಯ ಮೇಲಿದೆ, ಬಿಸಿ ಮಾಡಿಕೊ.

ನಿನ್ನೆ ನಾವು ಹೊತ್ತಿಗೆ ಮುಂಚೆಯೇ ಕೆಳಗಿನ ಬಾಗಿಲಲ್ಲಿದ್ದೆವು. ಕೆಟ್ಟಿದ್ದು ನಿಮ್ಮ ಲಿಫ್ಟು. ಮೆಟ್ಟಿಲ ಅಂಚೂ ಕಾಣದವಳನ್ನು ಕೈಹಿಡಿದು ಹತ್ತಿಸುವಷ್ಟರಲ್ಲಿ, ಕೌಂಟರಿನಲ್ಲಿದ್ದ ನೀನು "ತಡ ಆಯ್ತು, ಮುಂದಿನ ವಾರ ಬನ್ನಿ" ಎಂದು ಅವಳ ಸರದಿಯನ್ನು ಬೇರೆಯವರಿಗೆ ಕೊಟ್ಟುಬಿಟ್ಟೆ. ಹೆತ್ತವಳೆಂದು ಪಕ್ಷಪಾತ ಮಾಡಿದನೆಂಬ ಮಾತು ಬರಬಾರದೆಂಬ ನಿನ್ನ ಧರ್ಮಸಂಕಟವನ್ನು ಬಲ್ಲೆ. ಆದರೆ ವೈದ್ಯರ ತಡವನ್ನು ತುಟಿಪಿಟಕ್ಕೆನ್ನದೆ ಸಹಿಸುವ ನಿಯಮ, ರೋಗಿಯ ತಡಕ್ಕೆ ಕಾರಣವನ್ನಾದರೂ ಕೇಳಬೇಡವೇ?

"ಅವನನ್ನ ಬೈಬೇಡಿ, ಪಾಪ, ಕೆಲಸ ಹೋದೀತು" ಎಂದು ಅಮ್ಮ ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಬಾಯಿ ಕಟ್ಟಿದಳು. ಸಂಜೆ ಒಲೆ ಹಚ್ಚಲು ಹೋಗಿ ಬೆರಳು ಸುಟ್ಟುಕೊಂಡಳು, ನಿನಗೆ ಹೇಳಕೂಡದೆಂದಳು. ಉಳಿದಿರುವ ಒಂದು ಕಣ್ಣೂ ಮಂಜಾಗುತ್ತಿದೆ, ಕಂದಾ. ಇನ್ನೊಂದು ವಾರ ಕಾಯುವ ಎದೆ ನನಗಿಲ್ಲ. ದೇವರ ಮುಂದೆ ಕುಳಿತರೆ, ಜೀವಮಾನವಿಡೀ ಪಠಿಸಿದ ಮಂತ್ರವೂ ನಾಲಿಗೆಗೆ ಬರುತ್ತಿಲ್ಲ.

ನೀನು ಬರುವಾಗ ನಾವು ಕೌಂಟರಿನ ಮುಂದೆಯೇ ಇರುತ್ತೇವೆ. ತಾಯಿಯೆಂದು ದಯೆ ತೋರಬೇಡ. ಗುರುತಿಲ್ಲದ ಮುದುಕಿಯೊಬ್ಬಳು ಏದುಸಿರು ಬಿಡುತ್ತ ನಿಂತಿದ್ದರೆ "ಯಾಕಮ್ಮಾ ತಡ ಆಯ್ತು?" ಎಂದು ಕೇಳುತ್ತಿದ್ದೆಯಲ್ಲವೇ? ಅಷ್ಟನ್ನು ಅವಳನ್ನೂ ಕೇಳು. ಅವಳು ಹೇಳಿದ್ದನ್ನು ವೈದ್ಯರಿಗೆ ಮುಟ್ಟಿಸು.

ಅಪ್ಪ