ಡಾಕ್ಟರ್ ಕೌಫ್‌ಮನ್ನರ ಅಡ್ಡಹೆಸರು

ಅಪ್ಪಾ,

ನೀವು ಅರ್ಧಕ್ಕ ಬಿಟ್ಟುಹೋದ ನಿಜಾಮರ ಕಾಲದ ವೈದ್ಯರ ಪುಸ್ತಕ ಈಗ ನಾನ ಮುಗಿಸಾಕತ್ತೀನಿ. ಇವತ್ತು ಕಣ್ಣಿನ ಡಾಕ್ಟರ್ ಕೌಫ್‌ಮನ್ನರ ಬಗ್ಗೆ ಬರೆಯೂದಿತ್ತು. ಟೈಪ್ ಮಾಡೋ ಶರ್ವರಿ, "ಅಡ್ಡಹೆಸರು ನೋಡಿದ್ರ ಯಹೂದಿನ ಇರಬೇಕಲ್ರಿ ಮೇಡಂ?" ಅಂದ್ಲು. ಅಡ್ಡಹೆಸರುಗಳ ಕೋಶ ತೆಗೆದು ತೋರಿಸಿದೆ. ಕೌಫ್‌ಮನ್ ಅನ್ನೋ ಹೆಸರು ಯಹೂದಿಗಳಿಗೂ ಐತಿ, ಕ್ರೈಸ್ತರಿಗೂ ಐತಿ. "ಅಡ್ಡಹೆಸರು ಬರೇ ಸುಳಿವು, ಸಾಕ್ಷಿ ಅಲ್ಲ" ಅಂತ ನಿಮ್ಮ ಮಾತ ಹೇಳಿದೆ. ಅವರ ತಂದಿ-ತಾಯಿ ದಾಖಲೆ ಸಿಗೋತನಕ ಧರ್ಮದ ಜಾಗ ಖಾಲಿ ಬಿಟ್ಟೀನಿ.

ಹಿಂದ ಒಮ್ಮೆ, ನಾ ಮದುವಿ ಆಗಬೇಕಂತಿದ್ದ ನಿಶಾಂತನ್ನ ಕಾಚಿಗುಡಾದ ನಮ್ಮ ಮನಿಗೆ ಕರಕೊಂಡು ಬಂದಿದ್ದೆ. ಅಡ್ಡಹೆಸರು ಪಾಟೀಲ ಅಂತ ಕೇಳಿದ ಕೂಡಲೇ, ಬ್ಯಾರೆ ಜಾತಿಯವ ಅಂತ ನೀವ ತಿಳಕೊಂಡು, ಮತ್ತೇನೂ ಕೇಳದ ಎದ್ದು ಒಳಗ ಹೋದ್ರಿ. ನಿಮ್ಮ ಸಹಿಗಂತ ಅವ ತಂದಿದ್ದ ನಿಮ್ಮ ಮೊದಲನೇ ಪುಸ್ತಕ ಇನ್ನೂ ನನ್ನ ಕಡೆನ ಐತಿ.